ಮುಟ್ಟು ನಿಲ್ಲುವ ವಯಸ್ಸು: ಚೀಲ ತೆಗೆಸುವುದೇ ಉತ್ತರವಲ್ಲ

ಮಗಳು ಮೊದಲ ಸಲ ಮುಟ್ಟಾದಾಗ ನಮ್ಮ ಮನೆಗಳಲ್ಲಿ ಹೇಳಿಕೊಡಲು ಜನ ಇರುತ್ತಾರೆ. ಉಮ್ಮ ಹೇಳುತ್ತಾರೆ, ಅಜ್ಜಿ ಹೇಳುತ್ತಾರೆ, ಮದ್ರಸದಲ್ಲಿಯೂ ಪಾಠ ಆಗುತ್ತದೆ. ಹೆರಿಗೆಯಾದರೆ ನಲ್ವತ್ತು ದಿನದ ಬಾಣಂತನ ಉಂಟು. ಎಣ್ಣೆ ಹಚ್ಚುವವರು ಬೇರೆ, ಮದ್ದು ಕುದಿಸುವವರು ಬೇರೆ. ಆದರೆ ನಲ್ವತ್ತು-ನಲ್ವತ್ತೈದರ ಹೊತ್ತಿಗೆ ಅದೇ ಮುಟ್ಟು ಏರುಪೇರಾಗಿ ಕೊನೆಗೆ ನಿಲ್ಲುವ ಕಾಲ ಬರುತ್ತದಲ್ಲ, ಆಗ ಹೇಳಿಕೊಡುವವರು ಯಾರು? ಯಾರೂ ಇಲ್ಲ. "ಎಲ್ಲರಿಗೂ ಆಗುವುದೇ, ಸುಮ್ಮನಿರು" ಎಂಬ ಒಂದು ಮಾತಿನಲ್ಲಿ ಮುಗಿಯಿತು. ಹೀಗೆ ಸುಮ್ಮನಿದ್ದುದಕ್ಕೆ ಹೆಣ್ಣುಮಕ್ಕಳು ಎಷ್ಟು ದೊಡ್ಡ ಬೆಲೆ ತೆರುತ್ತಾರೆ ಎಂಬುದನ್ನು ನಾವು ಈಗ ಇರುವ ಸೀಮೆಯಲ್ಲಿ ಕಣ್ಣಾರೆ ಕಾಣುತ್ತಿದ್ದೇವೆ. ಅದಕ್ಕೇ ಈ ಬರಹ.

ಉದ್ಯೋಗದ ಕಾರಣಕ್ಕೆ ಕರಾವಳಿ ಬಿಟ್ಟು ಕಲಬುರಗಿ ಜಿಲ್ಲೆಯ ಕಡಗಂಚಿಯ ಕಡೆ ನೆಲೆಸಿದ ಕೆಲವು ಕುಟುಂಬಗಳ ಹೆಂಗಸರು ನಾವು. ಆಳಂದ ತಾಲೂಕಿನ ಈ ಊರು ನಮ್ಮ ಓದುಗರಿಗೆ ತೀರಾ ಅಪರಿಚಿತವಲ್ಲ. 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಇಲ್ಲಿಯೇ. ಕಲಬುರಗಿಯ ಖ್ವಾಜಾ ಬಂದೇನವಾಝರ ದರ್ಗಾದಲ್ಲಿ ಝಿಯಾರತ್ ಮುಗಿಸಿ ಆಳಂದದ ಲಾಡ್ಲೆ ಮಶಾಯಿಖರ ದರ್ಗಾಕ್ಕೆ ಹೊರಟವರು ಈ ಊರನ್ನು ದಾಟಿಯೇ ಹೋಗಿರುತ್ತಾರೆ. ರಸ್ತೆಯ ಎರಡೂ ಬದಿ ತೊಗರಿ ಹೊಲ. ಆ ಹೊಲಗಳಲ್ಲಿ ಕೂಲಿ ಮಾಡುವ, ಹಂಗಾಮು ಮುಗಿದರೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಪುಣೆ-ಮುಂಬಯಿಗೆ ಗುಳೆ ಹೋಗುವ ಹೆಂಗಸರ ಬಾಯಲ್ಲಿ ನಾವು ಮತ್ತೆ ಮತ್ತೆ ಕೇಳುವ ಒಂದು ಮಾತಿದೆ: "ಚೀಲ ತೆಗಿಸೀನ್ರಿ." ಹಲ್ಲು ಕೀಳಿಸಿಕೊಂಡೆ ಎಂದಷ್ಟೇ ಸಲೀಸಾಗಿ ಹೇಳುತ್ತಾರೆ. ಚೀಲ ಎಂದರೆ ಗರ್ಭಚೀಲ. ಇಲ್ಲಿನ ದಖನಿ ಮಾತನಾಡುವ ನಮ್ಮ ಸಹೋದರಿಯರು ಬಚ್ಚೇದಾನಿ ಎನ್ನುತ್ತಾರೆ. ಹೆಸರು ಬೇರೆಯಾದರೂ ಕತೆ ಒಂದೇ.

ಇದು ಬರೀ ಊರ ಮಾತಲ್ಲ. 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ನಡೆದದ್ದು ರಾಜ್ಯಕ್ಕೆಲ್ಲ ಗೊತ್ತಾಯಿತು. 30 ತಿಂಗಳ ಅವಧಿಯಲ್ಲಿ 2,258 ಹೆಂಗಸರ ಗರ್ಭಕೋಶ ತೆಗೆಯಲಾಗಿದೆ ಎಂಬ ಲೆಕ್ಕ ಹೊರಬಂತು. ಹೆಚ್ಚಿನವರು ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಕೇರಿಗಳ ಬಡವರು. ಬಹಳ ಮಂದಿಗೆ ಆಗಿನ್ನೂ ನಲ್ವತ್ತು ದಾಟಿರಲಿಲ್ಲ. ಹೊಟ್ಟೆನೋವು, ಟೊಂಕನೋವು, ಬಿಳಿ ಹೋಗುವುದು, ಮುಟ್ಟಿನ ಏರುಪೇರು ಎಂದು ಆಸ್ಪತ್ರೆಗೆ ಹೋದವರು ಅವರು. ಗರ್ಭಚೀಲ ಹಾಳಾಗಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿ ಆಪರೇಷನ್ ಟೇಬಲ್ ಮೇಲೆ ಮಲಗಿಸಿದರು. ಕರ್ನಾಟಕ ಜನಾರೋಗ್ಯ ಚಳವಳಿ, ವಿಮೋಚನಾ ಮುಂತಾದ ಸಂಘಟನೆಗಳು ಇದನ್ನು ಬಯಲಿಗೆ ತಂದವು. ಆರೋಗ್ಯ ಇಲಾಖೆಯ ತನಿಖೆಯಾಯಿತು, ಕೆಲವು ಖಾಸಗಿ ಆಸ್ಪತ್ರೆಗಳ ಪರವಾನಿಗೆ ರದ್ದು ಮಾಡುವ ಮಾತಾಯಿತು. ಆದರೂ ನ್ಯಾಯ ಸಿಗಲಿಲ್ಲವೆಂದು 2017ರ ಫೆಬ್ರವರಿಯಲ್ಲಿ ಆ ಹೆಂಗಸರೇ ಕಲಬುರಗಿಯ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಬಂದು ಕೂತರು.

ಗಡಿಯಾಚೆಯೂ ಇದೇ ಪಾಡು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡದ್ದು 2019ರಲ್ಲಿ ಅಲ್ಲಿನ ಸರಕಾರಿ ಸಮಿತಿಯೇ ಮಾಡಿದ ಸಮೀಕ್ಷೆಯಲ್ಲಿ ಕಂಡುಬಂತು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳ ಇಂಥದ್ದೇ ಪ್ರಕರಣಗಳ ಬಗ್ಗೆ ಡಾ. ನರೇಂದ್ರ ಗುಪ್ತಾ ಅವರು ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2023ರ ಎಪ್ರಿಲ್ 5ರಂದು ತೀರ್ಪು ಕೊಟ್ಟಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದಿತು. ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಇದರ ಮೇಲೆ ಕಣ್ಣಿಡಲು ಸಮಿತಿಗಳಿರಬೇಕು ಎನ್ನುತ್ತದೆ ಆ ಮಾರ್ಗಸೂಚಿ. ಕಾಗದದ ಮೇಲೆ ಎಲ್ಲವೂ ಇದೆ. ಆದರೆ ತಾಂಡಾದ ಒಬ್ಬ ಹೆಂಗಸು "ಡಾಕ್ಟರೇ, ಬೇರೆ ದಾರಿ ಇಲ್ಲವೇ?" ಎಂದು ಕೇಳುವಷ್ಟು ತಿಳುವಳಿಕೆ ಅವಳ ಕೈಗೆ ತಲುಪಿದೆಯೇ? ಇಲ್ಲಿನ ಅನುಭವದಲ್ಲಿ ಹೇಳುವುದಾದರೆ, ಇಲ್ಲ.

ಆಸೆಬುರುಕ ಆಸ್ಪತ್ರೆಗಳದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾವು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಅಷ್ಟೊಂದು ಹೆಂಗಸರು ಒಪ್ಪಿದ್ದಾದರೂ ಯಾಕೆ? ಹದಿನೈದು-ಹದಿನಾರಕ್ಕೆ ಮದುವೆ, ಇಪ್ಪತ್ತೈದರೊಳಗೆ ಮಕ್ಕಳಾಗಿ ಸಂತಾನಹರಣ ಆಪರೇಷನ್. "ಇನ್ನು ಚೀಲ ಇಟ್ಕೊಂಡು ಏನ್ ಮಾಡ್ತಿ?" ಎಂದು ಮನೆಯವರೇ ಕೇಳುತ್ತಾರೆ. ತಿಂಗಳಿಗೆ ನಾಲ್ಕು ದಿನ ಕೂಲಿ ತಪ್ಪಿದರೆ ಒಲೆ ಉರಿಯುವುದಿಲ್ಲ. ಕಬ್ಬಿನ ಗದ್ದೆಯಲ್ಲಿ ಶೌಚಾಲಯ ಇಲ್ಲ, ಬಟ್ಟೆ ಬದಲಿಸಲು ಮರೆ ಇಲ್ಲ. ಮುಟ್ಟು ಅವರ ಪಾಲಿಗೆ ಬರೀ ಖರ್ಚು, ಬರೀ ಕಾಟ. 2025ರಲ್ಲಿ ನಮ್ಮ ರಾಜ್ಯ ಸರಕಾರ ದುಡಿಯುವ ಹೆಂಗಸರಿಗೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆ ಕೊಡುವ ತೀರ್ಮಾನ ಮಾಡಿತು. ಒಳ್ಳೆಯದೇ. ಆದರೆ ತೊಗರಿ ಹೊಲದ ಕೂಲಿಯವಳಿಗೆ ರಜೆ ಕೊಡುವ ಮಾಲಕ ಯಾರು? ಆದ್ದರಿಂದ ಒಮ್ಮೆ ಸಾಲ ಮಾಡಿಯಾದರೂ ಪೀಡೆ ಕಳೆದುಕೊಳ್ಳೋಣ ಎಂದುಕೊಂಡರು. ಅವರನ್ನು ದೂರುವಂತಿಲ್ಲ. ಮುಟ್ಟು ನಿಲ್ಲುವ ಮುಂಚಿನ ಕೆಲವು ವರ್ಷ ದೇಹ ಹೇಗೆಲ್ಲ ಆಡುತ್ತದೆ ಎಂದು ಯಾರಾದರೂ ಅವರಿಗೆ ಮೊದಲೇ ಹೇಳಿದ್ದರೆ ಅರ್ಧದಷ್ಟಾದರೂ ಹೆದರಿಕೆ ಕಡಿಮೆಯಾಗುತ್ತಿತ್ತು ಎಂಬುದಷ್ಟೇ ನಮ್ಮ ಮಾತು.

ಹಾಗಾದರೆ ಏನದು? ಹನ್ನೆರಡು ತಿಂಗಳು ಒಂದೇ ಸಮನೆ ಮುಟ್ಟು ಬಾರದಿದ್ದರೆ ನಿಂತಿತು ಎಂದು ಲೆಕ್ಕ. ಪಶ್ಚಿಮದ ದೇಶಗಳಲ್ಲಿ ಇದು 51ರ ಸುಮಾರಿಗೆ, ನಮ್ಮ ದೇಶದಲ್ಲಿ ಸರಾಸರಿ 46-47ರ ಹೊತ್ತಿಗೇ ಆಗುತ್ತದೆ. ಆದರೆ ಅದು ಒಂದೇ ದಿನ ದೀಪ ಆರಿದಂತೆ ಅಲ್ಲ. ಅದಕ್ಕೆ ಮುಂಚೆ ನಾಲ್ಕಾರು ವರ್ಷ ಅಂಡಾಶಯ ತನ್ನ ಕೆಲಸವನ್ನು ನಿಧಾನಕ್ಕೆ ಕಡಿಮೆ ಮಾಡುತ್ತ ಬರುತ್ತದೆ. ಈಸ್ಟ್ರೋಜನ್ ಎಂಬ ಹಾರ್ಮೋನು ಒಂದು ತಿಂಗಳು ಹೆಚ್ಚು, ಒಂದು ತಿಂಗಳು ಕಡಿಮೆ. ಆಗ ಎರಡು ತಿಂಗಳು ಮುಟ್ಟಿಲ್ಲ, ಮೂರನೇ ತಿಂಗಳು ಹತ್ತು ದಿನ ಬಿಡುವುದಿಲ್ಲ. ಇದ್ದಕ್ಕಿದ್ದಂತೆ ಎದೆಯಿಂದ ಮುಖಕ್ಕೆ ಝಳ ಏರುತ್ತದೆ, ಬೆವರು ಕಿತ್ತುಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ರಾತ್ರಿ ನಿದ್ದೆ ಇಲ್ಲ. ಸಣ್ಣ ಮಾತಿಗೆ ಅಳು, ಇಲ್ಲವೇ ಸಿಟ್ಟು. ಗಂಟುನೋವು, ಮರೆವು.

ಇಲ್ಲಿ ಎಪ್ರಿಲ್-ಮೇಯಲ್ಲಿ 42 ಡಿಗ್ರಿ ದಾಟುವ ಬಿಸಿಲು. "ಮೈಯಾಗ ಬೆಂಕಿ ಹೊತ್ತಿದಂಗ ಆಗ್ತದ್ರಿ" ಎಂದರೆ ಬಿಸಿಲಿನ ಲೆಕ್ಕಕ್ಕೆ ಸೇರಿಹೋಗುತ್ತದೆ. ನಮ್ಮ ಕಡೆ ಅದು ಸೆಕೆಯ ಲೆಕ್ಕಕ್ಕೆ ಹೋಗುತ್ತದೆ. ಎಲ್ಲರಿಗೂ ಚಳಿಯಾಗುವ ಹೊತ್ತಿನಲ್ಲಿ ಒಬ್ಬಳೇ ಫ್ಯಾನ್ ಹಾಕಿ ಎಂದರೆ "ಇವಳಿಗೆ ಏನಾಗಿದೆ?" ಎಂದು ನಗುತ್ತಾರೆ. ನಗುವ ವಿಷಯವಲ್ಲ ಅದು.

ಚೀಲದ ಜೊತೆ ಅಂಡಾಶಯವನ್ನೂ ತೆಗೆದರೆ ಈ ನಾಲ್ಕಾರು ವರ್ಷದ ಬದಲಾವಣೆ ಒಂದೇ ವಾರದಲ್ಲಿ ಬಂದು ಅಪ್ಪಳಿಸುತ್ತದೆ. ಮೂವತ್ತೈದರ ಹೆಣ್ಣಿಗೆ ಐವತ್ತರ ದೇಹ. ಅಂಡಾಶಯ ಉಳಿಸಿದರೂ ಅದು ಮಾಮೂಲಿಗಿಂತ ಮುಂಚೆಯೇ ಸೋಲುವ ಸಾಧ್ಯತೆ ಹೆಚ್ಚು. ಮೂಳೆ ಬೇಗ ಸವೆಯುತ್ತದೆ, ಹೃದಯಕ್ಕೆ ಇದ್ದ ರಕ್ಷಣೆ ಬೇಗ ಹೋಗುತ್ತದೆ. ಟೊಂಕನೋವು ಹೋಗಲಿ ಎಂದು ಆಪರೇಷನ್ ಮಾಡಿಸಿದವರು ಈಗ ಟೊಂಕ ಹಿಡಿದುಕೊಂಡೇ ನಡೆಯುತ್ತಾರೆ. ಯಾಕೆಂದರೆ ಆ ನೋವು ಗರ್ಭಚೀಲದ್ದಾಗಿರಲೇ ಇಲ್ಲ. ಬಗ್ಗಿ ಕೆಲಸ ಮಾಡಿದ್ದರದ್ದು, ರಕ್ತಹೀನತೆಯದ್ದು, ಮೂಳೆಯದ್ದು ಆಗಿತ್ತು.

ಇನ್ನು ಯಾರೂ ಬಾಯಿ ಬಿಡದ ವಿಷಯಕ್ಕೆ ಬರೋಣ. ಈಸ್ಟ್ರೋಜನ್ ಕಡಿಮೆಯಾದಾಗ ಯೋನಿಯ ಒಳಪದರ ತೆಳುವಾಗುತ್ತದೆ, ಒಣಗುತ್ತದೆ. ಉರಿ, ತುರಿಕೆ. ಗಂಡನ ಜೊತೆ ಸೇರುವಾಗ ನೋವು, ಕೆಲವೊಮ್ಮೆ ರಕ್ತ. ಪದೇ ಪದೇ ಮೂತ್ರದ ಸೋಂಕು, ಕೆಮ್ಮಿದರೆ ಸೀನಿದರೆ ಮೂತ್ರ ಸೋರುವುದು. ಆಸೆಯೂ ಕುಗ್ಗಬಹುದು. ಇವನ್ನೆಲ್ಲ ಒಟ್ಟು ಸೇರಿಸಿ ವೈದ್ಯಲೋಕ ಒಂದೇ ಹೆಸರಿನಡಿ ಗುರುತಿಸಿದ್ದು 2014ರಲ್ಲಿ, ಅಂದರೆ ಮೊನ್ನೆ ಮೊನ್ನೆ. ಮೈ ಬಿಸಿಯೇರುವುದು ಕೆಲವು ವರ್ಷಕ್ಕೆ ತಾನಾಗಿ ಇಳಿಯಬಹುದು. ಆದರೆ ಈ ಒಣಗುವಿಕೆ ಚಿಕಿತ್ಸೆ ಮಾಡದಿದ್ದರೆ ವರ್ಷ ಹೋದಂತೆ ಹೆಚ್ಚುತ್ತದೆ. "ಸಹಿಸಿಕೋ, ಹೋಗುತ್ತದೆ" ಎಂಬ ಬುದ್ಧಿಮಾತು ಇಲ್ಲಿ ನಡೆಯುವುದಿಲ್ಲ.

ನಾಚಿಕೆ ಎನ್ನುತ್ತೀರಾ? ಹಜ್‌ಗೋ ಉಮ್ರಾಕ್ಕೋ ಹೊರಡುವಾಗ ಮುಟ್ಟು ಮುಂದೂಡುವ ಮಾತ್ರೆ ಕೊಡಿ ಎಂದು ಡಾಕ್ಟರ ಬಳಿ ಕೇಳಲು ನಮಗೆ ನಾಚಿಕೆಯಿಲ್ಲ. ಮೆಡಿಕಲ್‌ಗೆ ಗಂಡನನ್ನೇ ಕಳಿಸಿ ತರಿಸುತ್ತೇವೆ. ಅದೇ ಹೆಂಗಸು "ನನಗೆ ಒಣಗುತ್ತದೆ, ನೋವಾಗುತ್ತದೆ" ಎನ್ನುವಾಗ ಮಾತ್ರ ನಾಲಗೆ ಏಳುವುದಿಲ್ಲ. ಅವಶ್ಯ ಬಿದ್ದರೆ ನಾಚಿಕೆ ಬಿಡಲು ನಮಗೆ ಬರುತ್ತದೆ. ಈ ನೋವನ್ನು ಅವಶ್ಯ ಎಂದು ನಾವು ಇನ್ನೂ ಒಪ್ಪಿಲ್ಲ, ಅಷ್ಟೇ.

ಇದನ್ನು ಒಪ್ಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಡಗಂಚಿಗೆ ಬರಬೇಕಾಗಿಲ್ಲ. ಉಳ್ಳಾಲ, ಬಜ್ಪೆ, ಸುರತ್ಕಲ್, ಬಂಟ್ವಾಳದ ಮನೆಗಳಲ್ಲೇ ನೋಡಬಹುದು. ನಮ್ಮ ಗಂಡಸರಲ್ಲಿ ಎಷ್ಟೋ ಮಂದಿ ಇಪ್ಪತ್ತು-ಇಪ್ಪತ್ತೈದು ವರ್ಷ ಗಲ್ಫ್‌ನಲ್ಲಿ ದುಡಿದವರು. ಎರಡು ವರ್ಷಕ್ಕೊಮ್ಮೆ ರಜೆ. ಹೆಂಡತಿ ಇಲ್ಲಿ ಮಕ್ಕಳನ್ನು ಸಾಕಿ, ಮಾವ-ಅತ್ತೆಯನ್ನು ನೋಡಿ, ಮನೆ ಕಟ್ಟಿಸಿ, ಮಗಳ ನಿಕಾಹ್ ಮುಗಿಸಿ ಐವತ್ತರ ಹತ್ತಿರ ಬಂದಿರುತ್ತಾಳೆ. ಆಗ ಅವನು ವೀಸಾ ಕ್ಯಾನ್ಸಲ್ ಮಾಡಿಸಿ ಖಾಯಂ ಆಗಿ ಊರಿಗೆ ಬರುತ್ತಾನೆ. ಇಷ್ಟು ವರ್ಷ ಕಾದದ್ದು ಈ ದಿನಕ್ಕಲ್ಲವೇ? ಆದರೆ ಅವನು ಬಂದ ಹೊತ್ತಿಗೆ ಸರಿಯಾಗಿ ಅವಳ ದೇಹ ಬದಲಾಗಿದೆ. ಹತ್ತಿರ ಬಂದರೆ ನೋವು. ನೋವೆಂದು ಹೇಳಲಾರಳು. ತಲೆನೋವು, ನಿದ್ದೆ, ಮೊಮ್ಮಕ್ಕಳು ಪಕ್ಕದಲ್ಲಿ ಮಲಗಿದ್ದಾರೆ ಎಂದು ನೆಪ ಹುಡುಕುತ್ತಾಳೆ. ಇವಳಿಗೆ ನಾನು ಬೇಡವಾದೆ ಎಂದು ಅವನು ತಿಳಿಯುತ್ತಾನೆ. ಅವನಿಗೂ ಸಕ್ಕರೆ ಕಾಯಿಲೆ, ಬಿಪಿ ಇದ್ದು ತನ್ನದೇ ದೌರ್ಬಲ್ಯ ಇರಬಹುದು, ಅದನ್ನು ಅವನೂ ಹೇಳಲಾರ. ಒಂದೇ ಕೋಣೆಯಲ್ಲಿ ಇಬ್ಬರೂ ಮಾತಿಲ್ಲದೆ ಮಲಗುತ್ತಾರೆ. ಕೆಲವು ಮನೆಗಳಲ್ಲಿ ಇದು ಜಗಳವಾಗಿ, ಇನ್ನು ಕೆಲವು ಕಡೆ ಇನ್ನೊಂದು ಮದುವೆಯ ಮಾತಾಗಿ ಹೊರಬೀಳುತ್ತದೆ. ಒಂದು ಟ್ಯೂಬ್ ಕ್ರೀಮ್ ಮತ್ತು ಹತ್ತು ನಿಮಿಷದ ಮಾತಿನಲ್ಲಿ ಸರಿಹೋಗಬಹುದಾಗಿದ್ದ ವಿಷಯಕ್ಕೆ ಸಂಸಾರವೇ ಬಿರುಕು ಬಿಟ್ಟರೆ ಅದಕ್ಕಿಂತ ದುಃಖದ ಸಂಗತಿ ಬೇರೆ ಇದೆಯೇ?

ಗಂಡಸರಿಗೆ ನಾವು ಹೇಳುವುದಿಷ್ಟೆ. ಅವಳು ನಿಮ್ಮನ್ನು ಬೇಡ ಎನ್ನುತ್ತಿಲ್ಲ, ನೋವನ್ನು ಬೇಡ ಎನ್ನುತ್ತಿದ್ದಾಳೆ. ದಾಂಪತ್ಯ ಸುಖದಲ್ಲಿ ಹೆಂಡತಿಗೂ ಪಾಲಿದೆ, ಪತಿ ಅವಸರ ಮಾಡದೆ ಅವಳ ಕಡೆಗೂ ಗಮನ ಕೊಡಬೇಕು ಎಂದು ಇಮಾಮ್ ಗಝ್ಝಾಲಿಯವರು 'ಇಹ್ಯಾ'ದ ವಿವಾಹದ ಅಧ್ಯಾಯದಲ್ಲಿ ಬರೆದು ಒಂಬತ್ತು ನೂರು ವರ್ಷಗಳಾದವು. ಮದೀನಾದ ಹೆಂಗಸರು ಮುಟ್ಟು, ಸ್ನಾನಗಳ ಬಗ್ಗೆ ಪ್ರವಾದಿಯವರ ಬಳಿ ನೇರವಾಗಿ ಕೇಳಿ ತಿಳಿದುಕೊಂಡದ್ದನ್ನು ನಮ್ಮ ಮದ್ರಸದ ಮಕ್ಕಳೂ ಓದುತ್ತಾರೆ. ಆದ್ದರಿಂದ ಈ ಮಾತುಗಳನ್ನು ಆಡುವುದು ಮರ್ಯಾದೆಗೇಡು ಎನ್ನುವವರು ಆ ಮರ್ಯಾದೆ ಎಲ್ಲಿಂದ ಬಂತು ಎಂದು ಒಮ್ಮೆ ಯೋಚಿಸಲಿ.

ನಮ್ಮ ಹೆಂಗಸರ ಬಳಿ ಈಗಾಗಲೇ ಇರುವ, ಆದರೆ ಬಳಕೆಯಾಗದ ಒಂದು ಸಂಪತ್ತನ್ನು ಇಲ್ಲಿ ಹೇಳಬೇಕು. ನಮಾಝ್, ಉಪವಾಸದ ಕಾರಣಕ್ಕೆ ಮುಟ್ಟಿನ ದಿನಗಳ ಲೆಕ್ಕ ಇಡುವುದು ನಮಗೆ ಚಿಕ್ಕಂದಿನಿಂದಲೇ ರೂಢಿ. ಶಾಫಿಈ ಮದ್‌ಹಬ್‌ನಲ್ಲಿ ಮುಟ್ಟಿನ ಗರಿಷ್ಠ ಅವಧಿ ಹದಿನೈದು ದಿನ, ಅದನ್ನು ಮೀರಿದ ರಕ್ತಸ್ರಾವದ ಲೆಕ್ಕ ಬೇರೆ ಎಂಬುದನ್ನು ಬ್ಯಾರಿ ಮನೆಯ ಹೆಣ್ಣುಮಗು ಕೂಡಾ ಬಲ್ಲುದು. ಮುಟ್ಟು ಏರುಪೇರಾಗುವ ವಯಸ್ಸಿನಲ್ಲಿ "ನಮಾಝ್ ಮಾಡಬಹುದೇ?" ಎಂದು ಉಸ್ತಾದರ ಮನೆಯವರಲ್ಲಿ ಕೇಳಿಸುತ್ತೇವೆ. ಅದೇ ಲೆಕ್ಕದ ಚೀಟಿಯನ್ನು ಡಾಕ್ಟರ ಮುಂದೆ ಇಟ್ಟರೆ ಅರ್ಧ ರೋಗ ಅಲ್ಲಿಯೇ ಗೊತ್ತಾಗುತ್ತದೆ. ಯಾವ ದಿನ ಶುರುವಾಯಿತು, ಎಷ್ಟು ದಿನ ಇತ್ತು, ಎಷ್ಟು ಪ್ಯಾಡ್ ಬೇಕಾಯಿತು, ನಡುವೆ ಕಲೆ ಕಂಡಿತೇ? ವೈದ್ಯರು ಕೇಳುವುದೂ ಇದನ್ನೇ. ಹದಿನೈದು ದಿನ ದಾಟಿದರೆ ಮಸ್‌ಅಲ ಮಾತ್ರ ಕೇಳಿ ಸುಮ್ಮನಿರಬಾರದು, ವೈದ್ಯರನ್ನೂ ಕಾಣಬೇಕು. ಹಾಗೆಯೇ ಸೀನಿದರೆ ಮೂತ್ರ ಸೋರಿ ವುಝೂ ಹೋಗುತ್ತದೆಂದು ಜಮಾಅತ್ ನಮಾಝನ್ನೇ ಬಿಟ್ಟವರಿದ್ದಾರೆ. ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ದಿನಕ್ಕೆ ಕೆಲವು ಸಲ ಬಿಗಿಹಿಡಿದು ಬಿಡುವ ಸರಳ ವ್ಯಾಯಾಮದಿಂದಲೇ ಎಷ್ಟೋ ಮಂದಿಗೆ ಇದು ಹತೋಟಿಗೆ ಬರುತ್ತದೆ. ಒಬ್ಬ ನರ್ಸ್ ಐದು ನಿಮಿಷದಲ್ಲಿ ಹೇಳಿಕೊಡಬಹುದು.

ಚಿಕಿತ್ಸೆ ಏನಿದೆ ಎಂದು ಕೇಳುವಿರಿ. ಒಣಗುವಿಕೆಗೆ ಮೊದಲು ನೀರಿನಂಶದ ಜೆಲ್. ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆಯೇ ಸಿಗುತ್ತದೆ. ಅದರಲ್ಲಿ ಸಾಲದಿದ್ದರೆ ಯೋನಿಗೆ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್, ವೈದ್ಯರು ಬರೆದುಕೊಡಬೇಕು. ಇದು ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಮೈ ಬಿಸಿಯೇರಿ ನಿದ್ದೆಯೇ ಇಲ್ಲದಂತಾದರೆ ಹಾರ್ಮೋನು ಚಿಕಿತ್ಸೆ ಇದೆ. ಅಮೆರಿಕದ ಒಂದು ದೊಡ್ಡ ಅಧ್ಯಯನ 2002ರಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಸ್ವಲ್ಪ ಹೆಚ್ಚುತ್ತದೆ ಎಂದ ಮೇಲೆ ಜಗತ್ತಿಡೀ ಇದಕ್ಕೆ ಹೆದರಿತು. ಆದರೆ ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಅರುವತ್ತರೊಳಗಿನ, ಮುಟ್ಟು ನಿಂತು ಹತ್ತು ವರ್ಷ ಆಗಿರದ, ಬೇರೆ ಕಾಯಿಲೆ ಇಲ್ಲದ ಹೆಂಗಸಿಗೆ ಲಾಭವೇ ಹೆಚ್ಚು ಎಂದು ಈಗ ತಜ್ಞರು ಒಪ್ಪುತ್ತಾರೆ. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ, ಲಿವರ್ ಕಾಯಿಲೆಯವರಿಗೆ ಇದು ಸಲ್ಲದು. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಒಂದನ್ನೇ ಮಾತ್ರೆಯಾಗಿ ಕೊಡುವಂತಿಲ್ಲ, ಜೊತೆಗೆ ಇನ್ನೊಂದು ಹಾರ್ಮೋನು ಬೇಕು. ಹಾಗಾಗಿ ನೆರೆಮನೆಯವರ ಮಾತ್ರೆ ತಂದು ನುಂಗಬಾರದು. ಇನ್ನೊಂದು ಮಾತು: ಮುಟ್ಟು ಏರುಪೇರಾದ ಮಾತ್ರಕ್ಕೆ ಗರ್ಭ ನಿಲ್ಲುವುದಿಲ್ಲ ಎಂದಲ್ಲ. ಪೂರ್ತಿ ನಿಂತಿತೆಂದು ವೈದ್ಯರು ಹೇಳುವ ತನಕ ಎಚ್ಚರ ಬೇಕು.

ವಿಪರೀತ ಸ್ರಾವಕ್ಕೂ ಚೀಲ ತೆಗೆಯುವುದಕ್ಕೆ ಮುಂಚೆ ಹಲವು ಮೆಟ್ಟಿಲುಗಳಿವೆ. ರಕ್ತ ಕಡಿಮೆ ಮಾಡುವ ಮಾತ್ರೆ, ಹಾರ್ಮೋನು ಮಾತ್ರೆ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನ, ರಕ್ತಹೀನತೆಗೆ ಕಬ್ಬಿಣಾಂಶ. ಸ್ಕ್ಯಾನಿಂಗ್‌ನಲ್ಲಿ ಕಂಡ ಸಣ್ಣ ಗಡ್ಡೆ ಮುಟ್ಟು ನಿಂತ ಮೇಲೆ ತಾನಾಗಿ ಕುಗ್ಗುವುದೇ ಹೆಚ್ಚು. ಬಿಳಿ ಹೋಗುವುದು ಕ್ಯಾನ್ಸರ್ ಅಲ್ಲ. ಹೆಚ್ಚಿನ ಸಲ ಅದು ಮಾಮೂಲಿ, ಇಲ್ಲವೇ ಮಾತ್ರೆಯಲ್ಲಿ ಗುಣವಾಗುವ ಸೋಂಕು. ತುರಿಕೆ ಬಿಡದಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ. ಹಾಗೆಂದು ಚೀಲ ತೆಗೆಯುವ ಆಪರೇಷನ್ನೇ ತಪ್ಪು ಎಂದು ನಾವು ಹೇಳುವುದಿಲ್ಲ. ಕ್ಯಾನ್ಸರ್ ಇದ್ದರೆ, ಗಡ್ಡೆ ತೀರಾ ದೊಡ್ಡದಾದರೆ, ಚೀಲ ಕೆಳಗೆ ಜಾರಿದರೆ, ಯಾವ ಮದ್ದಿಗೂ ರಕ್ತ ನಿಲ್ಲದಿದ್ದರೆ ಅದು ಜೀವ ಉಳಿಸುತ್ತದೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ಆ ವಾರವೇ ತೋರಿಸಬೇಕು. ಅದು ಗರ್ಭಕೋಶದ ಕ್ಯಾನ್ಸರಿನ ಮುನ್ಸೂಚನೆ ಇರಬಹುದು. ಹೆದರಬೇಕಾದ ಕಡೆ ಹೆದರದೆ, ಹೆದರಬಾರದ ಕಡೆ ಹೆದರಿ ಹೊಟ್ಟೆ ಕೊಯ್ಯಿಸಿಕೊಳ್ಳುವಂತಾಗಿದೆ ನಮ್ಮ ಸ್ಥಿತಿ.

ಆದ್ದರಿಂದ ಯಾರಾದರೂ ಚೀಲ ತೆಗೆಯಬೇಕು ಎಂದರೆ ಸಹಿ ಹಾಕುವ ಮುಂಚೆ ಕೇಳಿ: ನನಗಿರುವ ಕಾಯಿಲೆಯ ಹೆಸರೇನು? ಮಾತ್ರೆಯಲ್ಲಿ ಆಗುವುದಿಲ್ಲವೇ? ಕ್ಯಾನ್ಸರ್ ಎನ್ನಲು ಯಾವ ಪರೀಕ್ಷೆಯ ವರದಿ ಇದೆ? ಅಂಡಾಶಯ ಉಳಿಸುತ್ತೀರಾ? ಆಮೇಲೆ ವರದಿಯ ಪ್ರತಿ ತೆಗೆದುಕೊಂಡು ಇನ್ನೊಬ್ಬ ವೈದ್ಯರಿಗೆ ತೋರಿಸಿ. ಕಲಬುರಗಿಯಲ್ಲಿ ಜಿಮ್ಸ್ ಆಸ್ಪತ್ರೆ ಇದೆ, ಕಿದ್ವಾಯಿಯ ಕೇಂದ್ರ ಇದೆ. ಮಂಗಳೂರಿನಲ್ಲಿ ಲೇಡಿಗೋಷನ್ ಇದೆ. ತುರ್ತಲ್ಲದ ಆಪರೇಷನ್‌ಗೆ ಹದಿನೈದು ದಿನ ತಡವಾದರೆ ಏನೂ ಆಗುವುದಿಲ್ಲ. "ಇವತ್ತೇ ಮಾಡಬೇಕು, ದುಡ್ಡು ಕಟ್ಟಿ" ಎಂದು ಅವಸರ ಮಾಡುವವರ ಮೇಲೆಯೇ ಸಂಶಯ ಇರಲಿ.

ಸರಕಾರದ ಕೆಲಸವೂ ಬಾಕಿ ಇದೆ. ಮೂವತ್ತು ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಆಗಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದೆ. ಹೊಸ ಹೆಸರಿನ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲೇ ಅದನ್ನು ಮಾಡಬಹುದು. ಆ ತಪಾಸಣೆ ನಿಜವಾಗಿಯೂ ನಡೆದರೆ "ಕ್ಯಾನ್ಸರ್ ಆಗುತ್ತದೆ" ಎಂದು ಹೆದರಿಸುವ ಅಂಗಡಿಯೇ ಮುಚ್ಚುತ್ತದೆ. ಆಶಾ ಕಾರ್ಯಕರ್ತೆಯರ ಪಟ್ಟಿಯಲ್ಲಿ ಬಸುರಿ ಇದ್ದಾಳೆ, ಬಾಣಂತಿ ಇದ್ದಾಳೆ, ಮಗು ಇದೆ. ನಲ್ವತ್ತೈದರ ಹೆಂಗಸಿನ ಕಷ್ಟಕ್ಕೆ ಮಾತ್ರ ಅಷ್ಟು ಗಮನ ಇಲ್ಲ. ಮಕ್ಕಳು ಹೆರುವ ತನಕ ಮಾತ್ರ ಹೆಣ್ಣು ಲೆಕ್ಕಕ್ಕೆ, ಆಮೇಲೆ ಅವಳು ಯಾರಿಗೂ ಬೇಡವೇ? ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ದಿನ, ಒಬ್ಬ ಮಹಿಳಾ ವೈದ್ಯೆ, ಬಾಗಿಲು ಹಾಕಿದ ಒಂದು ಕೋಣೆ. ಕೇಳುತ್ತಿರುವುದು ಇಷ್ಟೇ.

ನಮ್ಮ ಜಮಾಅತ್‌ಗಳೂ ಒಂದು ಕೆಲಸ ಮಾಡಬಹುದು. ರಕ್ತದಾನ ಶಿಬಿರ, ಕಣ್ಣಿನ ಶಿಬಿರ ಮಾಡುವುದರಲ್ಲಿ ಬ್ಯಾರಿ ಸಂಘಟನೆಗಳು ಹಿಂದೆ ಬಿದ್ದವರಲ್ಲ. ವರ್ಷಕ್ಕೊಮ್ಮೆ ಮದ್ರಸದ ಕಟ್ಟಡದಲ್ಲಿ, ಗಂಡಸರಿಲ್ಲದ ಒಂದು ಮಧ್ಯಾಹ್ನ, ನಲ್ವತ್ತು ದಾಟಿದ ಹೆಂಗಸರಿಗಾಗಿ ಒಬ್ಬ ವೈದ್ಯೆಯನ್ನು ಕರೆಸಿ. ವೇದಿಕೆ ಬೇಡ, ಶಾಲು ಬೇಡ, ಅತಿಥಿಗಳ ಭಾಷಣ ಬೇಡ. ಪ್ರಶ್ನೆಗಳನ್ನು ಹೆಸರಿಲ್ಲದೆ ಚೀಟಿಯಲ್ಲಿ ಬರೆದು ಹಾಕಲು ಒಂದು ಡಬ್ಬಿ ಇಡಿ. ಬ್ಯಾರಿ ಭಾಷೆಯಲ್ಲೇ ಉತ್ತರ ಹೇಳುವ ನಮ್ಮದೇ ಹೆಣ್ಣುಮಕ್ಕಳು ಈಗ ಎಷ್ಟೋ ಮಂದಿ ಡಾಕ್ಟರಾಗಿದ್ದಾರೆ, ನರ್ಸ್ ಆಗಿದ್ದಾರೆ. ಮತ್ತೆ ಗಂಡಸರಿಗೂ ಬೇರೆ ಒಂದು ಸಂಜೆ, ಒಬ್ಬ ವೈದ್ಯರಿಂದ ಅರ್ಧ ಗಂಟೆಯ ಮಾತು. ಗಲ್ಫ್‌ನಿಂದ ಮರಳಿ ಬಂದವರು ಮುಂದಿನ ಸಾಲಿನಲ್ಲಿ ಕೂರಲಿ.

ಕಲಬುರಗಿಯ ಆ 2,258 ಹೆಂಗಸರು ಕಳೆದುಕೊಂಡದ್ದನ್ನು ಯಾರೂ ಮರಳಿ ಕೊಡಲಾರರು. ಅವರಿಗೆ ಪರಿಹಾರ ಸಿಗಬೇಕು, ಮೂಳೆ-ಹೃದಯದ ತಪಾಸಣೆ ಉಚಿತವಾಗಿ ಆಗಬೇಕು ಎಂದು ಒತ್ತಾಯಿಸುವುದರಲ್ಲಿ ಕರಾವಳಿಯ ನಾವೂ ದನಿ ಸೇರಿಸಬೇಕು. ಅವರು ತಾಂಡಾದವರು, ನಾವು ಬ್ಯಾರಿಗಳು ಎಂಬ ಗೆರೆ ಈ ವಿಷಯದಲ್ಲಿ ಇಲ್ಲ. ಇವತ್ತು ರಾತ್ರಿ ನಿಮ್ಮ ಮನೆಯಲ್ಲಿ ಉಮ್ಮನೋ ಹೆಂಡತಿಯೋ ಅಕ್ಕನೋ ಎದ್ದು ಕೂತು ಬೆವರು ಒರೆಸಿಕೊಳ್ಳುತ್ತಿದ್ದರೆ ಒಂದು ಲೋಟ ನೀರು ಕೊಟ್ಟು ಕೇಳಿ, "ಎಷ್ಟು ದಿನದಿಂದ ಹೀಗೆ?" ಉತ್ತರ ಬಂದ ಮೇಲೆ ನಾಳೆ ಬೆಳಿಗ್ಗೆ ಡಾಕ್ಟರ ಬಳಿಗೆ ಜೊತೆಯಲ್ಲಿ ಹೋಗಿ.